ಓದುಗರ ಪ್ರಶ್ನೆ: ರೇಡಿಯೋ, ಪ್ಲೇಟು, ಜನತಾ ಬಜಾರ್

"ಮನೆಯ ಹಳೇ ರೇಡಿಯೋ ಬಗ್ಗೆ ಬರೆಯಿರಿ" ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ರೇಡಿಯೋ ಜೊತೆ ಗ್ರಾಮಫೋನ್ ಪ್ಲೇಟು ಬಂತು, ಅದನ್ನು ಕೊಂಡ ಅಂಗಡಿಯ ನೆನಪೂ ಬಂತು. ನಾನು ಅರಸೀಕೆರೆಯಲ್ಲಿ ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಬೆಳೆದವನು. ಹಾಗಾಗಿ ಒಂದೊಂದು ಪತ್ರವನ್ನೂ ಎರಡೆರಡು ಸಲ ಓದಿದೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು, ಉಳಿದವು ಮುಂದಿನ ಸಂಚಿಕೆಗೆ.

ಪ್ರಶ್ನೆ: ತಾತನ ಮರ್ಫಿ ರೇಡಿಯೋ ಅಟ್ಟದಲ್ಲಿ ಸಿಕ್ಕಿತು, ವಾಲ್ವ್ ಸೆಟ್ಟು. 30 ವರ್ಷದಿಂದ ಯಾರೂ ಹಾಕಿಲ್ಲ. ಸುಮ್ನೆ ಪ್ಲಗ್ ಹಾಕಿ ನೋಡಲಾ? ಮಗ ಒಳಗಿನದ್ದೆಲ್ಲ ತೆಗೆದು ಬ್ಲೂಟೂತ್ ಸ್ಪೀಕರ್ ಕೂರಿಸೋಣ ಅಂತಿದ್ದಾನೆ. — ಓದುಗರು, ತಿಪಟೂರು

ಬೇಡ ಸರ್. ಎರಡೂ ಬೇಡ.

ಮೊದಲು ಪ್ಲಗ್ ವಿಷಯ. ವಾಲ್ವ್ ಸೆಟ್ಟು ಅಂದರೆ ಟ್ರಾನ್ಸಿಸ್ಟರಿಗಿಂತ ಮುಂಚಿನ, ಗಾಜಿನ ಬುರುಡೆಗಳಿಂದ ನಡೆಯುವ ರೇಡಿಯೋ. ಅದರ ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ, ದಪ್ಪ ಡಬ್ಬಿಯಂಥ ಫಿಲ್ಟರ್ ಕಂಡೆನ್ಸರ್ ಇರುತ್ತದೆ. ವರ್ಷಗಟ್ಟಲೆ ಕರೆಂಟ್ ಕಾಣದೆ ಇದ್ದರೆ ಅದು ಒಳಗೇ ಹಾಳಾಗಿರುತ್ತದೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಕಂಡೆನ್ಸರ್ ವಿಪರೀತ ಕರೆಂಟ್ ಎಳೆದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ. ಕಂಡೆನ್ಸರ್ ಬದಲಾಯಿಸಬಹುದು, ಆದರೆ ಆ ಟ್ರಾನ್ಸ್‌ಫಾರ್ಮರ್ ಈಗ ಎಲ್ಲಿ ಸಿಗುತ್ತೆ? ಅದಕ್ಕೇ ನಮ್ಮ ಮಾವ ಎಷ್ಟೋ ದಿನದಿಂದ ಹಾಕದ ಸೆಟ್ಟು ಬಂದರೆ ನೇರವಾಗಿ ಪ್ಲಗ್ ಹಾಕುತ್ತಲೇ ಇರಲಿಲ್ಲ. ಸೀರೀಸ್ ಬೋರ್ಡ್ ಇಟ್ಟುಕೊಂಡಿದ್ದರು. ಅಂದರೆ ರೇಡಿಯೋಗೆ ಹೋಗುವ ಕರೆಂಟ್ ಮೊದಲು ಒಂದು 60 ವ್ಯಾಟ್ ಬಲ್ಬಿನ ಮೂಲಕ ಹೋಗಬೇಕು, ಹಳೇ ತಂತಿ ಬಲ್ಬು, ಎಲ್‌ಇಡಿ ಅಲ್ಲ. ಬಲ್ಬು ಒಮ್ಮೆ ಹೊಳೆದು ಆಮೇಲೆ ಮಂಕಾದರೆ ಪರವಾಗಿಲ್ಲ. ಹೊಳೆಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ, ತಕ್ಷಣ ಆಫ್ ಮಾಡಬೇಕು.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಹಿಂದಿನ ಮುಚ್ಚಳ ನೀವೇ ತೆಗೆದು ಕೈ ಹಾಕಬೇಡಿ. ವಾಲ್ವ್‌ಗಳಿಗೆ 200 ವೋಲ್ಟಿಗೂ ಜಾಸ್ತಿ ಡಿ.ಸಿ. ಬೇಕು, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರುತ್ತೆ. ಕೆಲವು ಎ.ಸಿ.-ಡಿ.ಸಿ. ಸೆಟ್ಟುಗಳಿಗೆ ಟ್ರಾನ್ಸ್‌ಫಾರ್ಮರೇ ಇಲ್ಲ, ಒಳಗಿನ ತಗಡಿನ ಚಾಸಿಗೆ ಮನೆಯ ಲೈನು ನೇರವಾಗಿ ಬಂದಿರುತ್ತದೆ. ವಾಲ್ವ್ ಗೊತ್ತಿರುವ ಮೆಕ್ಯಾನಿಕ್ಕನ್ನೇ ಹುಡುಕಿ. ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಬಿಡಿಭಾಗದ ಅಂಗಡಿಯವರಿಗೆ ಯಾರು ಇನ್ನೂ ಈ ಕೆಲಸ ಮಾಡ್ತಾರೆ ಅಂತ ಗೊತ್ತಿರುತ್ತೆ.

ಈಗ ಮಗನ ಮಾತು. ಅವನಿಗೆ ಆ ಪೆಟ್ಟಿಗೆ ಇಷ್ಟ ಆಗಿದೆ, ಅದೇ ದೊಡ್ಡ ವಿಷಯ. ಬೈಯಬೇಡಿ. ರಿಪೇರಿ ಆಗುವ ದಿನ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸ್ವಿಚ್ ತಿರುಗಿಸಿದ ಕೂಡಲೇ ಏನೂ ಕೇಳುವುದಿಲ್ಲ. ಮೊದಲು ಡಯಲ್ಲಿನ ದೀಪ ಹತ್ತಿ ಊರುಗಳ ಹೆಸರು ಹಳದಿಯಾಗಿ ಕಾಣಿಸುತ್ತೆ. ಆಮೇಲೆ ಬಿಸಿಯಾದ ಧೂಳಿನ ಒಂದು ವಾಸನೆ. ಅರ್ಧ ನಿಮಿಷಕ್ಕೆ ಸಣ್ಣಗೆ ಗುಂಯ್ ಅನ್ನುತ್ತೆ, ಅದರೊಳಗಿಂದ ಧ್ವನಿ ನಿಧಾನಕ್ಕೆ ಎದ್ದು ಬರುತ್ತೆ. ಮ್ಯಾಜಿಕ್ ಐ ಇರುವ ಸೆಟ್ಟಾದರೆ ಇನ್ನೂ ಚೆನ್ನ. ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕಿನ ಎರಡು ಎಲೆಗಳು ಹತ್ತಿರ ಹತ್ತಿರ ಬಂದು ಕೂಡಿಕೊಳ್ಳುತ್ತವೆ. ನಾವು ಮಕ್ಕಳು ದೀಪ ಆರಿಸಿ ಅದನ್ನೇ ನೋಡುತ್ತಾ ಕೂರುತ್ತಿದ್ದೆವು. ನಿಮ್ಮ ಮಗ ಅದನ್ನು ಒಂದು ಸಲ ನೋಡಲಿ, ಆಮೇಲೆ ಒಳಗಿನದ್ದು ತೆಗೆಯೋಣ ಅಂತ ಹೇಳಲಿಕ್ಕಿಲ್ಲ.

ಪ್ರಶ್ನೆ: ಚಿಕ್ಕವಳಿದ್ದಾಗ ರಾತ್ರಿ ಮಾತ್ರ ಯಾವ್ಯಾವುದೋ ದೂರದ ಸ್ಟೇಷನ್ ಕೇಳಿಸುತ್ತಿತ್ತು, ಹಗಲು ಇಲ್ಲ. ಯಾಕೆ? ಅಣ್ಣಂದಿರು ನಮ್ಮ ಆಕಾಶವಾಣಿ ಬಿಟ್ಟು ಸಿಲೋನ್ ಹಿಂದೆ ಬಿದ್ದಿದ್ದು ಯಾಕೆ? — ನಿವೃತ್ತ ಶಿಕ್ಷಕಿ, ಶಿರಸಿ

ಮೊದಲನೆಯದಕ್ಕೆ ಕಾರಣ ಸೂರ್ಯ, ಮೇಡಂ. ಹಗಲಲ್ಲಿ ಬಿಸಿಲಿನಿಂದ ಆಕಾಶದಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದ ಹತ್ತಿರ ಒಂದು ಪದರ ಹುಟ್ಟಿಕೊಳ್ಳುತ್ತದೆ. ಅದು ಮೀಡಿಯಂ ವೇವನ್ನು ನುಂಗಿಬಿಡುತ್ತೆ. ಕತ್ತಲಾದ ಮೇಲೆ ಆ ಪದರ ಕರಗುತ್ತೆ. ಅದಕ್ಕಿಂತ ಮೇಲಿನ ಪದರ ಉಳಿದಿರುತ್ತಲ್ಲ, ತರಂಗ ಅದಕ್ಕೆ ತಾಗಿ ನೂರಾರು ಮೈಲಿ ಆಚೆಗೆ ಇಳಿಯುತ್ತದೆ. ಒಂದೇ ತರಂಗ ಬೇರೆ ಬೇರೆ ದಾರಿಯಲ್ಲಿ ಬಂದು ಒಂದಕ್ಕೊಂದು ಬೆರೆಯುವುದರಿಂದ ಧ್ವನಿ ಅಲೆಯ ಹಾಗೆ ಏರಿ ಇಳಿಯುತ್ತಿತ್ತು. ಹಾಡಿನ ಒಳ್ಳೇ ಸಾಲಿಗೆ ಸರಿಯಾಗಿ ಅದು ಮುಳುಗಿಹೋಗುತ್ತಿತ್ತು, ನೆನಪಿದೆಯಾ?

ಇನ್ನು ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ರೇಡಿಯೋ. ಅದು ಬರುತ್ತಿದ್ದದ್ದು ಶಾರ್ಟ್ ವೇವ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಅಲ್ಲಿ ಭಾರಿ ಟ್ರಾನ್ಸ್‌ಮಿಟರ್ ಹಾಕಿದ್ದರು, ಯುದ್ಧ ಮುಗಿದ ಮೇಲೆ ಅದು ರೇಡಿಯೋ ಸಿಲೋನ್‌ಗೆ ಸಿಕ್ಕಿತು. ಅದೇ ಹೊತ್ತಿಗೆ ಇಲ್ಲಿ, 1952ರಲ್ಲಿ, ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಸಿನಿಮಾ ಹಾಡು ಕೇಳಿ ಜನರ ಅಭಿರುಚಿ ಕೆಡುತ್ತೆ ಅನ್ನುವುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇ ಹೋಯಿತು. ಜನ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅಲ್ಲಿ ಅದೇ 1952ರಲ್ಲಿ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾಗಿತ್ತು. ಕೊನೆಗೆ ಇಲ್ಲಿಯವರೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಬೇಕಾಯಿತು. ಕೇಸ್ಕರ್ ಅವರಿಂದ ಶಾಸ್ತ್ರೀಯ ಸಂಗೀತಕ್ಕೆ ಆದ ಉಪಕಾರ ದೊಡ್ಡದು, ಅದನ್ನು ನಾನು ಮರೆಯಲ್ಲ. ಆದರೆ ಜನ ಏನು ಕೇಳಬೇಕು ಅಂತ ಮೇಲಿನಿಂದ ತೀರ್ಮಾನಿಸಿದ್ದು ತಪ್ಪು. ನಿಮ್ಮ ಅಣ್ಣಂದಿರದ್ದು ಏನೂ ತಪ್ಪಿಲ್ಲ.

ಪ್ರಶ್ನೆ: "ಆಕಾಶವಾಣಿ" ಅನ್ನುವ ಹೆಸರು ಟ್ಯಾಗೋರ್ ಕೊಟ್ಟಿದ್ದು ಅಂತ ಆಫೀಸಿನಲ್ಲಿ ವಾದ. ನಾನು ಮೈಸೂರಿನದ್ದು ಅಂದೆ. ಯಾರು ಸರಿ? — ಓದುಗರು, ಮೈಸೂರು

ನೀವು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದಲೇ ಪ್ರಸಾರ ಶುರು ಮಾಡಿದರು. ಸಣ್ಣ ಟ್ರಾನ್ಸ್‌ಮಿಟರ್, ಸ್ವಂತ ಆಸಕ್ತಿ, ಸ್ವಂತ ದುಡ್ಡು. ಅದಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಹೆಸರು ಸೂಚಿಸಿದವರು ನಾ. ಕಸ್ತೂರಿಯವರು ಅಂತ ಮೈಸೂರಿನ ಹಿರಿಯರು ಹೇಳುತ್ತಾರೆ. ಟ್ಯಾಗೋರ್ ತಮ್ಮ ಪದ್ಯದಲ್ಲಿ ಆ ಮಾತು ಬಳಸಿದ್ದು 1938ರಲ್ಲಿ, ಕಲ್ಕತ್ತಾದ ಶಾರ್ಟ್ ವೇವ್ ಕೇಂದ್ರಕ್ಕಾಗಿ. ಮೈಸೂರಿನ ಕೇಂದ್ರ 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಯಿತು. ನಿಮ್ಮೂರಿಗೆ ಮತ್ತೆ ರೇಡಿಯೋ ಕೇಂದ್ರ ಬರೋಕೆ 1974ರವರೆಗೆ ಕಾಯಬೇಕಾಯಿತು. ಹೆಸರು ಕೊಟ್ಟ ಊರಿಗೇ ಅಷ್ಟು ವರ್ಷ ದನಿ ಇರಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಬೆಳಿಗ್ಗೆ ಪ್ರಸಾರ ಶುರುವಾಗುವ ಮುಂಚೆ ತಂಬೂರಿ ಶ್ರುತಿಯ ಮೇಲೆ ಪಿಟೀಲು ಬರುತ್ತಲ್ಲ, ಆ ಸಿಗ್ನೇಚರ್ ಟ್ಯೂನ್ ಕೂಡ ಅದೇ ಕಾಲದ್ದು. ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು ಬೊಂಬಾಯಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅದನ್ನು ಕಟ್ಟಿದವರು. ನೆಲೆ ಕಳೆದುಕೊಂಡು ಬಂದ ಒಬ್ಬರ ಸ್ವರಕ್ಕೆ ಇಡೀ ದೇಶದ ಅಡುಗೆಮನೆಗಳು ಅಷ್ಟು ವರ್ಷ ಎದ್ದು ಒಲೆ ಹಚ್ಚಿದವು. ಇದನ್ನೂ ನಿಮ್ಮ ಆಫೀಸಿನಲ್ಲಿ ಹೇಳಿ.

ಪ್ರಶ್ನೆ: ಅಪ್ಪನ ಪೆಟ್ಟಿಗೆಯಲ್ಲಿ ಪಾಸ್‌ಬುಕ್ಕಿನಂಥ ಒಂದು ಪುಸ್ತಕ ಇದೆ. ಮೇಲೆ ರೇಡಿಯೋ ಲೈಸೆನ್ಸ್ ಅಂತಿದೆ. ರೇಡಿಯೋಗೂ ಲೈಸೆನ್ಸ್ ಇತ್ತಾ? — ಓದುಗರು, ದಾವಣಗೆರೆ

ಇತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ಮನೆ ಸೆಟ್ಟಿಗೆ 15 ರೂಪಾಯಿ, ತಡವಾದರೆ ದಂಡ. 1885ರ ಟೆಲಿಗ್ರಾಫ್ ಕಾಯ್ದೆಯ ಕೆಳಗೆ ಬರುತ್ತಿತ್ತು. 1980ರ ದಶಕದಲ್ಲಿ ರದ್ದಾಯಿತು. ಆ ಪುಸ್ತಕ ಎಸೆಯಬೇಡಿ. ನಿಮ್ಮ ಅಪ್ಪ ಯಾವ ವರ್ಷ ರೇಡಿಯೋ ಕೊಂಡರು, ಯಾವ ಊರಿಂದ ಯಾವ ಊರಿಗೆ ವರ್ಗವಾದರು ಅನ್ನುವುದು ಅದರ ಪೋಸ್ಟಾಫೀಸ್ ಮುದ್ರೆಗಳಲ್ಲಿ ಸಿಗುತ್ತೆ. ಒಂದು ಮಧ್ಯಾಹ್ನ ಅಮ್ಮನ ಪಕ್ಕ ಕೂತು ಮುದ್ರೆ ಒಂದೊಂದಾಗಿ ಓದಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಲೈಸೆನ್ಸ್ ಕಟ್ಟೋಕೆ ಆಗದವರಿಗೆ ಪಾರ್ಕಿನ ರೇಡಿಯೋ ಇತ್ತು. ಸಂಜೆ ಪಾರ್ಕಿನಲ್ಲಿ ಸ್ಪೀಕರ್ ಹಾಕುತ್ತಿದ್ದರು, ಜನ ಹುಲ್ಲಿನ ಮೇಲೆ ಕೂತು ವಾರ್ತೆ ಕೇಳಿ ಎದ್ದು ಹೋಗುತ್ತಿದ್ದರು. ಬಳ್ಳಾರಿಯಲ್ಲಿ ಇವತ್ತಿಗೂ ರೇಡಿಯೋ ಪಾರ್ಕ್ ಅನ್ನುವ ಬಡಾವಣೆಯೇ ಇದೆ.

ಪ್ರಶ್ನೆ: ಅಜ್ಜಿ ಮನೆಯ 40 ಹಳೇ ಪ್ಲೇಟು ಸಿಕ್ಕಿವೆ, ದಪ್ಪ, ಭಾರ. ತುಂಬಾ ಕೊಳೆ. ಸ್ಪಿರಿಟ್‌ನಲ್ಲಿ ಒರೆಸಬಹುದಾ? — ಓದುಗರು, ಕುಂದಾಪುರ

ಖಂಡಿತಾ ಒರೆಸಬೇಡಿ! ಸ್ಪಿರಿಟ್ ಮುಟ್ಟಿಸಿದರೆ ಹಾಡು ಅಳಿಸಿಹೋಗುತ್ತೆ.

ನಿಮ್ಮ ಹತ್ತಿರ ಇರುವುದು 78 ಸ್ಪೀಡಿನವು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವವು. ಅವು ಪ್ಲಾಸ್ಟಿಕ್ ಅಲ್ಲ, ಅರಗು. ಪಾಂಡವರ ಅರಗಿನ ಮನೆ ಗೊತ್ತಲ್ಲ, ಚನ್ನಪಟ್ಟಣದ ಗೊಂಬೆಗೆ ಹಚ್ಚುತ್ತಾರಲ್ಲ, ಅದೇ ಅರಗು. ಮರದ ಕೊಂಬೆಯ ಮೇಲೆ ಒಂದು ಜಾತಿಯ ಸಣ್ಣ ಹುಳು ಕಟ್ಟುವಂಥದ್ದು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತಿ ಪ್ಲೇಟು ಮಾಡುತ್ತಿದ್ದರು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ, ಬಿಸಿಲಲ್ಲಿ ಸೊಟ್ಟಗಾಗುತ್ತೆ, ಕೈ ಜಾರಿದರೆ ಹಪ್ಪಳದ ಹಾಗೆ ಒಡೆಯುತ್ತೆ. ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ನಡುವಿನ ಕಾಗದದ ಲೇಬಲ್‌ಗೆ ನೀರು ತಾಗಬಾರದು. ನೆರಳಲ್ಲಿ ಒಣಗಿಸಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಕರಾವಳಿಯಲ್ಲಿ ಬೂಷ್ಟು ಬೇಗ ಹಿಡಿಯುತ್ತೆ, ಮಳೆಗಾಲದಲ್ಲಿ ಆಗಾಗ ತೆಗೆದು ನೋಡುತ್ತಿರಿ.

ಕೀ ಕೊಡುವ ಗ್ರಾಮಫೋನ್ ಇದ್ದರೆ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಾದ ಮೇಲೆ ಬದಲಾಯಿಸಲೇಬೇಕು. ಆ ಕಲ್ಲಿನ ಪುಡಿ ಮೂರು ನಿಮಿಷದಲ್ಲೇ ಮುಳ್ಳಿನ ತುದಿ ಸವೆಸಿರುತ್ತೆ, ಅದೇ ಮುಳ್ಳು ಮತ್ತೆ ಇಟ್ಟರೆ ಅದು ಪ್ಲೇಟನ್ನು ಕೆರೆಯುತ್ತೆ. ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟಿನ, ಅಂದರೆ ಎಲ್‌ಪಿಯ ಮುಳ್ಳಲ್ಲಿ 78 ಹಾಕಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳು ಬೇಕು. ಎಷ್ಟೋ ಹಳೇ ಪ್ಲೇಯರ್‌ಗಳಲ್ಲಿ ತಿರುಗಿಸುವ ಮುಳ್ಳಿರುತ್ತೆ, ಒಂದು ಕಡೆ 78ಕ್ಕೆ, ಇನ್ನೊಂದು ಕಡೆ ಎಲ್‌ಪಿಗೆ. ತಿಂಗಳಿಗೆ ಒಂದೆರಡಾದರೂ ಹಾಕಿ ಕೇಳಿ. ಅಜ್ಜಿ ಅವನ್ನು ಕೊಂಡದ್ದು ಕೇಳೋಕೆ ಅಲ್ವಾ?

ಪ್ರಶ್ನೆ: ನಮ್ಮಲ್ಲಿರುವ ಒಂದು ಹಿಂದುಸ್ತಾನಿ ಪ್ಲೇಟಿನ ಕೊನೆಯಲ್ಲಿ ಹಾಡಿದವರೇ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆ. ಯಾರಿರಬಹುದು? — ಓದುಗರು, ಧಾರವಾಡ

"ನನ್ನ ಹೆಸರು ಗೌಹರ್ ಜಾನ್" ಅಂತ ಹೇಳುತ್ತಿದ್ದಾರಾ, ಕೇಳಿ ನೋಡಿ. ಕಲ್ಕತ್ತಾದಲ್ಲಿ 1902ರಲ್ಲಿ ನಡೆದ ಮೊದಲ ರೆಕಾರ್ಡಿಂಗ್‌ಗಳಲ್ಲಿ ಹಾಡಿದವರು ಅವರು. ಆಗ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಲೇಬಲ್ ಮೇಲೆ ಯಾರ ಹೆಸರು ಹಾಕಬೇಕು ಅಂತ ತಿಳಿಯಲಿ ಅಂತ ಕೊನೆಯಲ್ಲಿ ಹೆಸರು ಹೇಳುತ್ತಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಲೇಬಲ್‌ನ ಫೋಟೋ ಕಳಿಸಿ, ನೋಡೋಣ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಕರೆಂಟ್ ರೆಕಾರ್ಡ್ ಪ್ಲೇಯರ್ ಅಮೆರಿಕಕ್ಕೆ ತಂದೆ. 110ರಿಂದ 230 ಮಾಡುವ ಟ್ರಾನ್ಸ್‌ಫಾರ್ಮರ್ ಕೊಂಡು ಹಾಕಿದೆ. ಅಪ್ಪ ದಿನಾ ಕೇಳುತ್ತಿದ್ದ ದೇವರನಾಮ ಯಾರೋ ಮಕ್ಕಳು ಅವಸರದಲ್ಲಿ ಹಾಡಿದ ಹಾಗೆ ಕೇಳಿಸಿತು. ಪ್ಲೇಯರ್ ಹಾಳಾಯಿತಾ? — ಓದುಗರು, ನ್ಯೂಜೆರ್ಸಿ

ಹಾಳಾಗಿಲ್ಲಮ್ಮ, ಧೈರ್ಯವಾಗಿರಿ. ವೋಲ್ಟೇಜ್ ಸರಿ ಮಾಡಿದಿರಿ, ಆದರೆ ಸೈಕಲ್ ಬೇರೆ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಓಡಾಡುತ್ತೆ ಅನ್ನೋ ಲೆಕ್ಕ. ನಮ್ಮಲ್ಲಿ ಕರೆಂಟ್ 50 ಸೈಕಲ್, ಅಲ್ಲಿ 60. ಆ ಮೋಟಾರಿನ ವೇಗ ಅದನ್ನೇ ಹಿಡಿದು ಹೋಗುತ್ತದೆ. ನೂರಕ್ಕೆ 20ರಷ್ಟು ಜೋರು, ಅಂದರೆ ನಿಮಿಷಕ್ಕೆ 33⅓ ಸುತ್ತಬೇಕಾದದ್ದು 40 ಸುತ್ತುತ್ತಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಶ್ರುತಿಯಲ್ಲಿ ಹಾಡಿದ್ದು ಎರಡೂವರೆ ಮನೆಗೆ ಏರಿಬಿಡುತ್ತೆ. ಮೋಟಾರಿನ ಕಡ್ಡಿಗೆ ಹಾಕುವ ಸಣ್ಣ ಹಿತ್ತಾಳೆ ಪುಲ್ಲಿ ಬದಲಾಯಿಸಿದರೆ ಸಾಕು. ಗ್ಯಾರಾರ್ಡ್‌ನಂಥ ಕಂಪನಿಗಳು 50ಕ್ಕೊಂದು 60ಕ್ಕೊಂದು ಮಾಡುತ್ತಿದ್ದವು, ಅಲ್ಲಿ ಹಳೇ ಪ್ಲೇಯರ್ ರಿಪೇರಿ ಮಾಡುವವರನ್ನು ಕೇಳಿ. ಅಪ್ಪನ ದೇವರನಾಮ ಅಪ್ಪ ಕೇಳಿದ ಹಾಗೇ ಕೇಳಿಸುತ್ತೆ. ಕೇಳಿದ ದಿನ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಬೆಂಗಳೂರಿನ ಕೆ.ಜಿ. ರಸ್ತೆಯ ಜನತಾ ಬಜಾರ್ ನಿಮಗೆ ನೆನಪಿದೆಯಾ? ನಮ್ಮ ಮಕ್ಕಳಿಗೆ ಮಾಲ್ ಬಿಟ್ಟು ಬೇರೆ ಗೊತ್ತಿಲ್ಲ. — ಓದುಗರು, ಬಸವನಗುಡಿ

ನೆನಪಿಲ್ಲದೆ ಏನು! 1966ರಲ್ಲಿ ರೂಪಾಯಿ ಅಪಮೌಲ್ಯ ಆಯಿತು, ಬೆಲೆ ಏರಿತು. ಜನರಿಗೆ ನ್ಯಾಯವಾದ ಬೆಲೆಗೆ ಸಾಮಾನು ಸಿಗಲಿ ಅಂತ ಸರ್ಕಾರ ದೊಡ್ಡ ಊರುಗಳಲ್ಲಿ ಸಹಕಾರಿ ಬಜಾರುಗಳಿಗೆ ಒತ್ತು ಕೊಟ್ಟ ಕಾಲ ಅದು. ದೆಹಲಿಯ ಸೂಪರ್ ಬಜಾರ್ ಶುರುವಾದದ್ದು ಅದೇ ವರ್ಷ. ನಮ್ಮಲ್ಲಿ ಅದರ ಹೆಸರು ಜನತಾ ಬಜಾರ್. ಕೆ.ಜಿ. ರಸ್ತೆಯ ಹಳೇ ಏಷ್ಯಾಟಿಕ್ ಕಟ್ಟಡದಲ್ಲಿ ಇದ್ದದ್ದು ನಮಗೆ ಗೊತ್ತಿದ್ದ ಅತಿ ದೊಡ್ಡ ಅಂಗಡಿ. ದಂಡಿನ ಕಡೆಯವರಿಗೆ ಸ್ಪೆನ್ಸರ್ಸ್ ಇತ್ತು, ಬ್ರಿಗೇಡ್ ರಸ್ತೆಯ ನೀಲಗಿರೀಸ್ ಇತ್ತು. ಅವು ನಮ್ಮ ಅಮ್ಮನಂಥವರು ಹೊರಗಿನಿಂದ ನೋಡಿಕೊಂಡು ಹೋಗುವ ಅಂಗಡಿಗಳು. ಜನತಾ ಬಜಾರಿಗೆ ಚಪ್ಪಲಿ ಸವೆದಿದ್ದರೂ ಸಂಕೋಚ ಇಲ್ಲದೆ ಹೋಗಬಹುದಿತ್ತು. ನನಗೆ ಅದರಲ್ಲಿ ಅತಿ ಇಷ್ಟವಾದದ್ದು ಇದೇ.

ಬೇಸಿಗೆ ರಜದಲ್ಲಿ ಅರಸೀಕೆರೆಯಿಂದ ರೈಲಿಗೆ ಬಂದು, ಮೆಜೆಸ್ಟಿಕ್‌ನಿಂದ ನಡೆದುಕೊಂಡೇ ಹೋಗುತ್ತಿದ್ದೆವು. ನೋಟ್‌ಬುಕ್ಕು, ಯೂನಿಫಾರಂ ಬಟ್ಟೆ, ಸ್ಟೀಲ್ ಡಬ್ಬಿ, ಸ್ಯಾಂಡಲ್ ಸೋಪು, ಎಲ್ಲಾ ಒಂದೇ ಸೂರಿನ ಕೆಳಗೆ. ಚೌಕಾಸಿ ಇಲ್ಲ. ಅಮ್ಮ ಸೆರಗಿನ ತುದಿಯಲ್ಲಿ ನೋಟು ಗಂಟು ಹಾಕಿಕೊಂಡಿರುತ್ತಿದ್ದಳು. ಒಂದೊಂದು ಸಾಮಾನಿಗೂ ಬೆರಳು ಮಡಿಸಿ ಲೆಕ್ಕ ಹಾಕಿ, ಗಂಟು ಬಿಚ್ಚುವ ಮುಂಚೆ ಇನ್ನೊಂದು ಸಲ ಮನಸ್ಸಿನಲ್ಲೇ ಕೂಡಿ ನೋಡುವಳು.

ಒಂದು ವರ್ಷ ಲೆಕ್ಕ ಮುಗಿದ ಮೇಲೂ ಗಂಟಿನಲ್ಲಿ ಸ್ವಲ್ಪ ಉಳಿಯಿತು. ಅಲ್ಲಿಂದ ಸೀದಾ ಬೇರೊಂದು ಅಂಗಡಿಗೆ ಹೋದೆವು. ಗಾಜಿನ ಕಪಾಟಿನಲ್ಲಿ ಸಾಲಾಗಿ ಟ್ರಾನ್ಸಿಸ್ಟರ್ ಇಟ್ಟಿದ್ದರು. ಮೂರು ಸೆಲ್ಲಿನದ್ದು, ಕಂದು ಚರ್ಮದ ಕವರು, ಕವರಿನ ಮುಂದೆ ಸಣ್ಣ ಸಣ್ಣ ತೂತು. ಅಂಗಡಿಯವರು ಮುಳ್ಳು ತಿರುಗಿಸಿ ಬೆಂಗಳೂರು ಕೇಂದ್ರ ಹಿಡಿದರು. ಅಮ್ಮ ಅದನ್ನು ಕಿವಿಗೆ ಹತ್ತಿರ ಹಿಡಿದು, "ಊರಲ್ಲೂ ಹೀಗೇ ಕೇಳುತ್ತಾ?" ಅಂತ ಕೇಳಿದಳು. ಮಾವ ವಾಲ್ವ್ ಸೆಟ್ಟುಗಳ ನಡುವೆ ಬದುಕುತ್ತಿದ್ದರೂ ಅಮ್ಮನಿಗೆ ಅಂತ ಒಂದು ರೇಡಿಯೋ ಇರಲಿಲ್ಲ. ಹಾಲ್‌ನಲ್ಲಿದ್ದದ್ದು ಅಪ್ಪನದ್ದು, ಅವರು ಹಾಕಿದ್ದೇ ಎಲ್ಲರೂ ಕೇಳಬೇಕು. ಆ ಟ್ರಾನ್ಸಿಸ್ಟರ್ ಅಡುಗೆಮನೆ ಗೂಡಿನಲ್ಲಿ ಉಪ್ಪಿನ ಜಾಡಿ ಪಕ್ಕ ಕೂತಿತು. ಸೆಲ್ಲು ತೀರಿದರೆ ಬಿಸಿಲಿಗೆ ಇಟ್ಟು ಇನ್ನೆರಡು ದಿನ ಎಳೆಯುತ್ತಿದ್ದಳು. ಎ.ಎಸ್. ಮೂರ್ತಿಯವರ ರೇಡಿಯೋ ಈರಣ್ಣನ ಮಾತಿಗೆ ಅವಳು ಒಬ್ಬಳೇ ಅಡುಗೆಮನೆಯಲ್ಲಿ ನಗುತ್ತಿದ್ದದ್ದು ನಮಗೆ ಹಾಲ್‌ಗೆ ಕೇಳಿಸುತ್ತಿತ್ತು.

ಮಕ್ಕಳಿಗೆ ಕಟ್ಟಡ ತೋರಿಸಿ ಬರೋದಕ್ಕಿಂತ, ನೀವು ಅಲ್ಲಿ ಕೊಂಡ ಒಂದು ವಸ್ತು ಮನೆಯಲ್ಲಿ ಉಳಿದಿದ್ದರೆ ಅದನ್ನು ಕೈಗೆ ಕೊಟ್ಟು ಅದರ ಕಥೆ ಹೇಳಿ.

ಪ್ರಶ್ನೆ: ರೇಡಿಯೋ ಮೇಲೆ ಅತ್ತೆ ಕಸೂತಿ ಹಾಕಿದ ಬಟ್ಟೆ ಕವರ್ ಇದೆ. ರೇಡಿಯೋ ಹಾಕುವಾಗ ಅದು ಇದ್ದರೆ ತೊಂದರೆಯೇ? — ಓದುಗರು, ಹಾಸನ

ವಾಲ್ವ್ ಸೆಟ್ಟಾದರೆ ತೆಗೆದೇ ಹಾಕಿ, ಹಿಂದಿನ ತೂತುಗಳಿಂದ ಬಿಸಿ ಹೊರಗೆ ಹೋಗಬೇಕು. ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಹೊದಿಸಿ. ಬಟ್ಟೆಯನ್ನು ಮೆಷಿನ್ನಿಗೆ ಹಾಕಬೇಡಿ, ಹಳೇ ನೂಲು ಬಣ್ಣ ಬಿಡುತ್ತೆ. ತಣ್ಣೀರಲ್ಲಿ ಕೈಯಲ್ಲೇ ಜಾಲಿಸಿ ನೆರಳಲ್ಲಿ ಒಣಗಿಸಿ. ನಮ್ಮಮ್ಮ ಹಾಕಿದ್ದ ಕವರಿನ ಮೇಲೆ ಎರಡು ಗಿಣಿ ಇದ್ದವು. ಮುಳ್ಳು ತಿರುಗಿಸುವ ಗುಂಡಿಗಳ ಜಾಗದಲ್ಲಿ ಬಟ್ಟೆ ಎತ್ತಿ ಎತ್ತಿ ಒಂದು ಗಿಣಿಯ ಕಾಲು ಪೂರ್ತಿ ಸವೆದುಹೋಗಿತ್ತು.